ಉಣ್ಣದೆ ಮಲಗಿದ ನಾಯಿ

ದೀಪಾವಳಿ ಮುಗಿದು ಹೊಲದ ಕೆಲಸ ತೀರುತ್ತಾ ಬಂದಂತೆ ಮಸ್ಕಿ, ಲಿಂಗಸುಗೂರಿನ ಬಸ್ ನಿಲ್ದಾಣಗಳಲ್ಲಿ ರಾತ್ರಿ ಹೊತ್ತು ಗಂಟುಮೂಟೆಗಳ ಸಾಲು ಕಾಣಿಸುತ್ತದೆ. ಕಾಲುವೆ ನೀರು ತಲುಪದ ಹಳ್ಳಿಗಳ ಕುಟುಂಬಗಳು ಬೆಂಗಳೂರು, ಪುಣೆ ಕಡೆ ಗುಳೆ ಹೊರಡುವ ಕಾಲ ಅದು. ಗಂಡ ಹೆಂಡತಿ, ಚಿಕ್ಕ ಮಕ್ಕಳು ಹೋಗುತ್ತಾರೆ. ಮುತ್ಯಾ, ಆಯಿ ಊರಲ್ಲಿ ಉಳಿಯುತ್ತಾರೆ. ಕೆಲವು ಮನೆಗಳಿಗೆ ಬೀಗವೇ ಬೀಳುತ್ತದೆ. ಬೀಗ ಬಿದ್ದ ಬಾಗಿಲಿನ ಮುಂದೆ ಕಟ್ಟೆಯ ಮೇಲೆ ಮುದುಡಿ ಮಲಗಿರುವ ನಾಯಿಯನ್ನು ನೀವು ನೋಡಿಯೇ ಇರುತ್ತೀರಿ.

ಕೆಲವು ವರ್ಷಗಳ ಹಿಂದೆ ಮಸ್ಕಿ ಕಡೆಯ ಹಳ್ಳಿಯೊಂದರಿಂದ ಆಯಿಯೊಬ್ಬರು ಆಡುಗಳಿಗೆ ಜಂತಿನ ಔಷಧಿ ಒಯ್ಯಲು ನನ್ನ ಬಳಿ ಬಂದಿದ್ದರು. ಔಷಧಿ ತೆಗೆದುಕೊಂಡ ಮೇಲೂ ಹೊರಡಲಿಲ್ಲ. ಸ್ವಲ್ಪ ಹೊತ್ತು ನಿಂತು, "ಸಾಹೇಬ್ರ, ನಮ್ಮ ಕರಿಯಾ ಆರು ದಿನ ಆತು, ತುತ್ತು ರೊಟ್ಟಿ ಮುಟ್ಟವಲ್ದು. ಮಗ ಸೊಸಿ ಬೆಂಗಳೂರಿಗೆ ಹೋದಾಗಿಂದ ಹಿಂಗ ಆಗೈತಿ. ಯಾರರ ಕಣ್ಣು ಹಚ್ಯಾರೇನ?" ಎಂದು ಕೇಳಿದರು. ಅಲ್ಲಿಯೇ ಇದ್ದ ರೈತರೊಬ್ಬರು ನಕ್ಕುಬಿಟ್ಟರು. "ನಾಯಿಗೇನ್ ಚಿಂತಿ ಬೇ ಯವ್ವಾ! ಹಸಿವಾದ್ರ ತಾನ ತಿಂತೈತಿ ಬಿಡು" ಎಂದರು.

ಈ ಎರಡು ಮಾತುಗಳ ನಡುವೆಯೇ ಈ ವಾರದ ವಿಷಯವಿದೆ. ಆಯಿ ಹೇಳಿದ ಕಣ್ಣಿನ ದೋಷ ಸರಿಯಲ್ಲ. ಆದರೆ ಯಾವಾಗಿನಿಂದ ಹೀಗಾಯಿತು ಎಂಬುದನ್ನು ಅವರು ಸರಿಯಾಗಿ ಗುರುತಿಸಿದ್ದರು. ರೈತರು ಆಡಿದ ಮಾತನ್ನು ಓದು ಬರಹ ಬಲ್ಲವರೂ ಆಡುತ್ತಾರೆ. ಒಂದು ಕಾಲಕ್ಕೆ ನಾನೂ ಆಡಿದ್ದೇನೆ. ನಾಯಿಗೆ ಖಿನ್ನತೆ ಬರುವುದುಂಟೆ ಎಂದು ನೀವು ಕೇಳಿದರೆ, ಬರುತ್ತದೆ ಎಂಬುದೇ ನನ್ನ ಉತ್ತರ. ಆದರೆ ನಾಯಿ ಮಂಕಾದಾಗಲೆಲ್ಲ ಅದು ಖಿನ್ನತೆ ಎಂದು ತಿಳಿಯುವುದು ಅದಕ್ಕಿಂತ ದೊಡ್ಡ ತಪ್ಪು. ಮೊದಲು ಆ ತಪ್ಪಿನ ಬಗೆಗೇ ಹೇಳಿಬಿಡುತ್ತೇನೆ, ಏಕೆಂದರೆ ಪ್ರಾಣ ಹೋಗುವುದು ಅಲ್ಲಿ.

ಸಿಂಧನೂರಿನ ಒಂದು ಮನೆಯಲ್ಲಿ ಹಿರಿಯರು ತೀರಿಕೊಂಡರು. ಅವರ ಮಂಚದ ಕೆಳಗೆ ಮಲಗುತ್ತಿದ್ದ ನಾಯಿ ಮೂರನೆಯ ದಿನದಿಂದ ಊಟ ಬಿಟ್ಟಿತು. ಬಂದವರೆಲ್ಲ, "ಯಜಮಾನರ ಹಿಂದೆ ಇದೂ ಹೋಗ್ತೈತಿ" ಎಂದು ಕಣ್ಣು ಒರೆಸಿಕೊಂಡರು. ನನ್ನನ್ನು ಕರೆಸಿದಾಗ ನಾನೂ ಅದೇ ಕಥೆಯನ್ನು ನಂಬಿದೆ. ನಾಲ್ಕು ದಿನ ಕಾಯಿರಿ, ಅದರ ಜೊತೆ ಹೆಚ್ಚು ಹೊತ್ತು ಕಳೆಯಿರಿ ಎಂದು ಹೇಳಿ ಬಂದೆ. ಥರ್ಮಾಮೀಟರ್ ಇಡಲಿಲ್ಲ, ಕಿವಿ ತಿರುವಿ ನೋಡಲಿಲ್ಲ. ಎಂಟನೆಯ ದಿನ ಆ ನಾಯಿಯ ಮೂಗಿನಿಂದ ರಕ್ತ ಬಂತು. ಅದಕ್ಕೆ ಇದ್ದದ್ದು ಉಣ್ಣಿ ಜ್ವರ. ಕಿವಿಯೊಳಗೆ, ಕಾಲ್ಬೆರಳುಗಳ ಸಂದಿನಲ್ಲಿ ಕಂದು ಉಣ್ಣಿಗಳು ತುಂಬಿದ್ದವು. ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು 28 ದಿನ ಕೊಟ್ಟು ನಾಯಿಯನ್ನು ಉಳಿಸಿಕೊಂಡೆವು, ಆದರೆ ಅದು ನನ್ನ ಜಾಣತನದಿಂದಲ್ಲ, ಅದರ ಅದೃಷ್ಟದಿಂದ. ದುಃಖದ ಮನೆಯಲ್ಲಿ ದುಃಖವೇ ಕಾರಣವಾಗಿ ಕಾಣುತ್ತದೆ. ವೈದ್ಯನೂ ಮನುಷ್ಯನೇ ಅಲ್ಲವೇ?

ನಮ್ಮ ಭಾಗದ ಸೆಕೆಗೆ ಉಣ್ಣಿಗಳು ವರ್ಷವಿಡೀ ಬದುಕುತ್ತವೆ. ಗೋಡೆಯ ಬಿರುಕು, ಕಟ್ಟಿಗೆ ರಾಶಿ, ಗೋಣಿಚೀಲ, ಎಲ್ಲೆಂದರಲ್ಲಿ ಮೊಟ್ಟೆ ಇಡುತ್ತವೆ. ಉಣ್ಣಿ ಜ್ವರ ಬಂದ ನಾಯಿ ಮೊದಲ ವಾರದಲ್ಲಿ ಕಾಣುವುದು ಥೇಟ್ ಬೇಸರಗೊಂಡ ನಾಯಿಯ ಹಾಗೆಯೇ. ಊಟ ಬೇಡ, ಓಡಾಟ ಬೇಡ, ಕರೆದರೆ ಬಾಲ ಒಂದು ಸಲ ಅಲ್ಲಾಡಿಸಿ ಸುಮ್ಮನಾಗುತ್ತದೆ. ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸವೆಂದರೆ ತುಟಿ ಎತ್ತಿ ವಸಡನ್ನು ನೋಡುವುದು. ಆರೋಗ್ಯವಂತ ನಾಯಿಯ ವಸಡು ನಸುಗೆಂಪಾಗಿರುತ್ತದೆ. ಹುಟ್ಟಿನಿಂದಲೇ ಕಪ್ಪಾಗಿದ್ದರೆ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ನೋಡಬಹುದು. ಬಿಳುಚಿಕೊಂಡಿದ್ದರೆ, ಹಳದಿಯಾಗಿದ್ದರೆ, ಚುಕ್ಕೆ ಚುಕ್ಕೆ ರಕ್ತ ಕಂಡರೆ ಅದು ಮನಸ್ಸಿನ ಕಾಯಿಲೆಯಲ್ಲ, ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ. ಮೂಗು ಒಣಗಿದೆ, ಹಾಗಾಗಿ ಜ್ವರ ಎಂಬ ನಂಬಿಕೆಗೆ ಅರ್ಥವಿಲ್ಲ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಥರ್ಮಾಮೀಟರ್ ಇಲ್ಲದೆ ಜ್ವರ ಹೇಳಲಾಗದು.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ, ಅಂದರೆ ಸಿಂಧನೂರಿನ ಹಳ್ಳಿ ಮತ್ತು ಕ್ಯಾಂಪುಗಳಲ್ಲಿ, ಇನ್ನೊಂದು ಮಾತು ನೆನಪಿಡಬೇಕು. ಗದ್ದೆಯ ಬದುವಿನಲ್ಲಿ ಇಲಿಗಳಿಗೆ ಇಡುವ ಬ್ರೊಮಾಡಿಯೋಲೋನ್ ಪಾಷಾಣ ಕೂಡಲೇ ಕೊಲ್ಲುವುದಿಲ್ಲ. ಅದನ್ನು ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಓಡಾಡಿಕೊಂಡಿದ್ದು, ಆಮೇಲೆ ಮಂಕಾಗುತ್ತದೆ. ಒಳಗೆ ರಕ್ತ ಸೋರುತ್ತಿರುತ್ತದೆ. ಇದಕ್ಕೆ ವಿಟಮಿನ್ ಕೆ ಎಂಬ ಒಳ್ಳೆಯ ಮದ್ದಿದೆ. ಆದರೆ ಪಾಷಾಣ ಇಟ್ಟದ್ದನ್ನು ನೀವು ಹೇಳಿದರೆ ಮಾತ್ರ ವೈದ್ಯರಿಗೆ ಹೊಳೆಯುತ್ತದೆ. ಮುದಿ ನಾಯಿಯಾದರೆ ಕೀಲುನೋವು, ಹಲ್ಲಿನ ಹುಳುಕು, ಮೂತ್ರಪಿಂಡದ ತೊಂದರೆ, ಹೆಣ್ಣುನಾಯಿಯಾದರೆ ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದ ಕೀವು, ಇವೂ ನಾಯಿಯನ್ನು ಮೂಲೆ ಸೇರಿಸುತ್ತವೆ. ಇನ್ನು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಲಿಂಗಸುಗೂರಿನಲ್ಲಿ ಯಾವ ನಾಯಿ ತಾನೇ ಲವಲವಿಕೆಯಿಂದ ಇದ್ದೀತು! ಬಿಸಿಲಿಗೆ ಮಲಗಿದ ನಾಯಿಗೆ ನೆರಳು, ನೀರು ಕೊಡಿ, ಸಂಜೆ ಎದ್ದು ಓಡಾಡಿದರೆ ಚಿಂತೆ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಹುಚ್ಚುನಾಯಿ ರೋಗ, ರೇಬೀಸ್. ಹುಚ್ಚು ಹಿಡಿದ ನಾಯಿ ಎಂದರೆ ಬಾಯಿ ತೆರೆದು ಕಂಡ ಕಂಡವರನ್ನು ಕಚ್ಚುತ್ತಾ ಓಡುತ್ತದೆ ಎಂಬುದೇ ನಮ್ಮ ಕಲ್ಪನೆ. ಆದರೆ ಈ ರೋಗಕ್ಕೆ ಮೂಕ ರೂಪವೂ ಇದೆ. ಅಂಥ ನಾಯಿ ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಮಂಚದ ಕೆಳಗೆ, ದನದ ಕೊಟ್ಟಿಗೆಯ ಕತ್ತಲೆ ಮೂಲೆಯಲ್ಲಿ ಹೋಗಿ ಕೂರುತ್ತದೆ. ಊಟ ಬಿಡುತ್ತದೆ. ದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಒಡೆಯುತ್ತದೆ, ನುಂಗಲು ಆಗುವುದಿಲ್ಲ. ನೋಡಿದವರಿಗೆ ಗಂಟಲಲ್ಲಿ ಎಲುಬು ಸಿಕ್ಕಿಕೊಂಡಂತೆ ಕಾಣುತ್ತದೆ. ನಾನು ಕಂಡ ಒಂದು ಮನೆಯಲ್ಲಿ, ಹುಡುಗ ಹಾಸ್ಟೆಲ್ ಸೇರಿದ ಮೇಲೆ ನಾಯಿಗೆ ಬೇಸರವಾಗಿದೆ ಎಂದುಕೊಂಡು ತಾಯಿ ಅದರ ಬಾಯಿ ಬಿಡಿಸಿ ಗಂಜಿ ಹಾಕಿದ್ದರು, ಚಿಕ್ಕಪ್ಪ ಬೆರಳು ಹಾಕಿ ಎಲುಬು ಹುಡುಕಿದ್ದರು. ನಾಯಿ ನಾಲ್ಕನೆಯ ದಿನ ಸತ್ತಿತು. ಮನೆಯವರೆಲ್ಲ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಯಿತು. ಹಾಕಿಸಿಕೊಂಡರು, ಉಳಿದರು.

ಆದ್ದರಿಂದ, ನಾಯಿಗೆ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸಿಲ್ಲವಾದರೆ, ಅದು ಏಕಾಏಕಿ ಮಂಕಾಗಿ ಜೊಲ್ಲು ಸುರಿಸುತ್ತಿದ್ದರೆ, ಬಾಯಿಗೆ ಕೈ ಹಾಕಲೇಬೇಡಿ. ಮುದ್ದಿಸಲೂ ಬೇಡಿ. ಮಕ್ಕಳನ್ನು ದೂರವಿಟ್ಟು, ನಾಯಿಯನ್ನು ಒಂದು ಕೋಣೆಯಲ್ಲಿ ಕೂಡಿ ಪಶುವೈದ್ಯರಿಗೆ ಹೇಳಿ ಕಳುಹಿಸಿ. ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ಈಗ ಬೇಡ. ಆ ಹಳೆಯ ಲಸಿಕೆ ದೇಶದಲ್ಲಿ ನಿಂತು ಸುಮಾರು ಇಪ್ಪತ್ತು ವರ್ಷಗಳೇ ಆದವು. ಈಗಿನದು ತೋಳಿಗೆ ಕೊಡುವ ನಾಲ್ಕೈದು ಭೇಟಿಯ ಲಸಿಕೆ. ಗಾಯ ಆಳವಾಗಿದ್ದರೆ ಅದರ ಸುತ್ತ ಹಾಕುವ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಸುಣ್ಣ, ಖಾರದಪುಡಿ ಹಚ್ಚಿ ದಿನ ಕಳೆಯಬೇಡಿ.

ಸರಿ, ವೈದ್ಯರು ನೋಡಿದರು, ರಕ್ತ ಪರೀಕ್ಷೆಯಾಯಿತು, ಮೈಯಲ್ಲಿ ಏನೂ ದೋಷವಿಲ್ಲ. ಆದರೂ ನಾಯಿ ಏಳುತ್ತಿಲ್ಲ. ಈಗ ಮನಸ್ಸಿನ ಮಾತಿಗೆ ಬರೋಣ.

ನಾವು ಪಶುವೈದ್ಯರು ಹಿಂದೆ ಚೀಟಿಯಲ್ಲಿ 'ಡಿಪ್ರೆಸ್ಡ್' ಎಂದು ಬರೆಯುತ್ತಿದ್ದೆವು. ಅದರ ಅರ್ಥ ಪ್ರಾಣಿ ಮಂಕಾಗಿದೆ ಎಂದಷ್ಟೇ, ಅದು ದುಃಖದಲ್ಲಿದೆ ಎಂದಲ್ಲ. ನಾಯಿ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಮನುಷ್ಯರಲ್ಲಿ ಮಾಡುವಂತೆ ಕೇಳಿ ಕೇಳಿ ರೋಗ ನಿರ್ಣಯಿಸುವುದು ಸಾಧ್ಯವಿಲ್ಲ. ನೋಡಬೇಕಾದದ್ದು ನಡವಳಿಕೆಯನ್ನು, ಅದರಲ್ಲೂ ಬದಲಾವಣೆಯನ್ನು. ನಿಮ್ಮ ನಾಯಿ ಮೊದಲು ಹೇಗಿತ್ತು ಎಂಬುದು ನಿಮಗೆ ಮಾತ್ರ ಗೊತ್ತು. ಹಾಲಿನವನ ಸೈಕಲ್ ಗಂಟೆಗೆ ಓಡಿ ಹೋಗುತ್ತಿದ್ದ ನಾಯಿ ಈಗ ತಲೆಯನ್ನೂ ಎತ್ತುವುದಿಲ್ಲವೇ? ಹಗಲೆಲ್ಲ ಮಲಗಿ ರಾತ್ರಿ ಅಂಗಳದಲ್ಲಿ ಗೊತ್ತುಗುರಿಯಿಲ್ಲದೆ ತಿರುಗುತ್ತದೆಯೇ? ಮುಂಗಾಲಿನ ಒಂದೇ ಜಾಗವನ್ನು ಗಾಯವಾಗುವಷ್ಟು ನೆಕ್ಕುತ್ತದೆಯೇ? ಹೊರಗೆ ಹೋಗುವ ರೂಢಿಯಿದ್ದದ್ದು ಮನೆಯೊಳಗೇ ಹೇಸಿಗೆ ಮಾಡುತ್ತದೆಯೇ? ಹೋದವರ ಚಪ್ಪಲಿ, ಹಾಸಿಗೆ, ಬಾಗಿಲು ಇವುಗಳ ಬಳಿಯೇ ಬೀಳುತ್ತದೆಯೇ? ಇಂಥವು ಒಂದೆರಡು ದಿನವಲ್ಲ, ಎರಡು ವಾರಕ್ಕೂ ಹೆಚ್ಚು ಕಾಲ ಒಟ್ಟಾಗಿ ಕಂಡರೆ ಖಿನ್ನತೆಯನ್ನು ಸಂಶಯಿಸಬಹುದು. ಆದರೆ ಊಟವನ್ನು ಪೂರ್ತಿ ಬಿಟ್ಟ ನಾಯಿಯನ್ನು ಎರಡು ದಿನಕ್ಕಿಂತ ಹೆಚ್ಚು ಕಾಯಿಸಬಾರದು. ಮರಿಯಾದರೆ ಒಂದು ದಿನವೂ ಬೇಡ.

ಜೊತೆಗಾರ ಸತ್ತಾಗ ನಾಯಿಗಳು ಬದಲಾಗುವ ಬಗ್ಗೆ ಇಟಲಿಯ ಸಂಶೋಧಕರು 426 ಮಂದಿ ನಾಯಿ ಸಾಕುವವರನ್ನು ವಿಚಾರಿಸಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ನಾಯಿ ಸತ್ತ ಮೇಲೆ ಉಳಿದ ನಾಯಿ ಕಡಿಮೆ ಆಡಿತು, ಕಡಿಮೆ ತಿಂದಿತು, ಹೆಚ್ಚು ಮಲಗಿತು ಎಂಬಂಥ ಬದಲಾವಣೆಗಳನ್ನು ನೂರಕ್ಕೆ 86 ಮಂದಿ ಹೇಳಿದರು. ಹೇಳಿದವರು ಸ್ವತಃ ದುಃಖದಲ್ಲಿದ್ದವರು ಎಂಬುದನ್ನೂ ಗಮನಿಸಬೇಕು, ತಮ್ಮ ದುಃಖವನ್ನೇ ನಾಯಿಯ ಮೇಲೆ ಕಂಡಿರಬಹುದು. ಸಿಂಧನೂರಿನಲ್ಲಿ ನಾನು ಮಾಡಿದ್ದೂ ಅದನ್ನೇ. ಆದರೂ ಇಷ್ಟೊಂದು ಮನೆಗಳ ಮಾತನ್ನು ಪೂರಾ ಭ್ರಮೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಕಟ್ಟಿಹಾಕಿದ ನಾಯಿಯ ವಿಷಯ ಬೇರೆ. ಅಲ್ಲಿ ಅಗಲಿಕೆಯಿಲ್ಲ, ಯಜಮಾನರು ಕಣ್ಣೆದುರೇ ಇರುತ್ತಾರೆ. ಅಕ್ಕಿ ಗಿರಣಿ, ಗೋದಾಮು, ತೋಟದ ಮನೆಗಳಲ್ಲಿ ನಾಲ್ಕು ಅಡಿ ಸರಪಳಿಗೆ ಬಿಗಿದ ನಾಯಿಗಳನ್ನು ನೋಡಿ. ಮೊದಲ ವರ್ಷ ಎಳೆದಾಡುತ್ತವೆ, ಬೊಗಳುತ್ತವೆ. ಆಮೇಲೆ ಬಿಚ್ಚಿದರೂ ಅಲ್ಲೇ ಕೂರುತ್ತವೆ. "ನಮ್ಮ ನಾಯಿ ಭಾಳ ಶಾಣ್ಯಾ, ಬಿಟ್ರೂ ಎಲ್ಲೂ ಹೋಗಂಗಿಲ್ರಿ" ಎಂದು ಮಾಲೀಕರು ಹೆಮ್ಮೆಯಿಂದ ಹೇಳುತ್ತಾರೆ. ಅದು ಶಾಣ್ಯಾತನವಲ್ಲ ಎಂದು ನಾನು ಎಷ್ಟು ಸಲ ಹೇಳಿದ್ದೇನೋ!

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್, ಸ್ಟೀವನ್ ಮೇಯರ್ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ 1967ರಲ್ಲಿ ಪ್ರಕಟಿಸಿದರು. ಕ್ರೂರವಾದ ಪ್ರಯೋಗ ಅದು, ಇಂದಿನ ನಿಯಮಗಳಲ್ಲಿ ಅದಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದಂತೆ ಕೆಲವು ನಾಯಿಗಳಿಗೆ ವಿದ್ಯುತ್ ಆಘಾತ ಕೊಟ್ಟರು. ಆಮೇಲೆ ಅವುಗಳನ್ನು ಒಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ಗಿಡ್ಡ ಅಡ್ಡಗೋಡೆಯನ್ನು ಜಿಗಿದರೆ ಸಾಕು, ಆಘಾತ ತಪ್ಪುತ್ತಿತ್ತು. ಮೂರರಲ್ಲಿ ಎರಡು ಪಾಲು ನಾಯಿಗಳು ಜಿಗಿಯಲೇ ಇಲ್ಲ, ಮಲಗಿ ಕುಂಯ್‌ಗುಟ್ಟಿದವು. ಮನುಷ್ಯರ ಖಿನ್ನತೆಯನ್ನು ಅರ್ಥಮಾಡಿಕೊಳ್ಳಲು ಈ ನಾಯಿಗಳು ವೈದ್ಯಲೋಕಕ್ಕೆ ಬಹಳ ಕಲಿಸಿದವು. ಆ ನಾಯಿಗಳು ಸರಿಹೋದದ್ದು ಹೇಗೆ ಎಂಬುದನ್ನು ಮಾತ್ರ ಹೆಚ್ಚು ಮಂದಿ ಹೇಳುವುದಿಲ್ಲ. ತಿಂಡಿ ತೋರಿಸಿ ಕರೆದರೆ ಬರಲಿಲ್ಲ. ಕೊನೆಗೆ ಕೊರಳಿಗೆ ಹಗ್ಗ ಹಾಕಿ ಆ ಗೋಡೆಯನ್ನು ಕೈಯಾರೆ ಮತ್ತೆ ಮತ್ತೆ ದಾಟಿಸಿದರು. ಹಲವು ಸಲ ದಾಟಿಸಿದ ಮೇಲೆ ನಾಯಿಗಳು ತಾವಾಗಿಯೇ ಜಿಗಿಯತೊಡಗಿದವು. 2016ರಲ್ಲಿ ಅದೇ ಇಬ್ಬರು ವಿಜ್ಞಾನಿಗಳು ತಮ್ಮ ಹಳೆಯ ಅರ್ಥವನ್ನು ತಿದ್ದಿಕೊಂಡರು. ನಾಯಿ ಕಲಿಯುವುದು ಅಸಹಾಯಕತೆಯನ್ನಲ್ಲ, 'ನಾನು ಮಾಡಿದರೆ ಏನಾದರೂ ಆಗುತ್ತದೆ' ಎಂಬುದನ್ನೇ ಅದು ಕಲಿಯಬೇಕಾಗಿದೆ ಎಂದರು.

ಚಿಕಿತ್ಸೆಯ ಬಗ್ಗೆ ನನ್ನ ಅಭಿಪ್ರಾಯ ನಿಂತಿರುವುದು ಇದರ ಮೇಲೆಯೇ. ಮಂಕಾದ ನಾಯಿಯ ಪಕ್ಕದಲ್ಲಿ ಕೂತು ದಿನವಿಡೀ ತಲೆ ಸವರಿದರೆ ಅದು ಮಲಗಿಯೇ ಇರುತ್ತದೆ. ಗದರಿದರೆ ಇನ್ನೂ ಕುಗ್ಗುತ್ತದೆ. ಬದಲಾಗಿ ಬೆಳಿಗ್ಗೆ ಬಿಸಿಲೇರುವ ಮೊದಲು ಹಗ್ಗ ಹಿಡಿದು ಅರ್ಧ ಗಂಟೆ ನಡೆಸಿ. ಮೊದಲ ದಿನ ಓಣಿಯ ಮೂಲೆಯವರೆಗೆ ಬಂದರೂ ಸಾಕು. ಸಂಜೆ ಇನ್ನೊಮ್ಮೆ, ಡಾಂಬರು ರಸ್ತೆ ಆರಿದ ಮೇಲೆ. ರಸ್ತೆಯ ಮೇಲೆ ನಿಮ್ಮ ಅಂಗೈ ಇಟ್ಟು ನೋಡಿ, ನಿಮಗೆ ತಾಳದ ಬಿಸಿ ಅದರ ಪಾದಕ್ಕೂ ತಾಳದು. ದಾರಿಯಲ್ಲಿ ಅದು ನಿಂತು ಮೂಸಿದರೆ ಎಳೆಯಬೇಡಿ. ನಮಗೆ ಬೆಳಗಿನ ಪತ್ರಿಕೆ ಹೇಗೋ ನಾಯಿಗೆ ಬೀದಿಯ ವಾಸನೆ ಹಾಗೆ. ರೊಟ್ಟಿಯನ್ನು ತಟ್ಟೆಗೆ ಹಾಕುವ ಬದಲು ಚೂರು ಮಾಡಿ ಅಂಗಳದಲ್ಲಿ ಅಲ್ಲಲ್ಲಿ ಅಡಗಿಸಿಡಿ, ಹುಡುಕಿ ತಿನ್ನಲಿ. ಹುಡುಕಿದ್ದು ಸಿಕ್ಕಾಗ ಬಾಲ ಏಳುವುದನ್ನು ನೀವೇ ನೋಡುತ್ತೀರಿ. ಊಟ, ನಡಿಗೆ, ಮಲಗುವ ಜಾಗ ಇವಕ್ಕೆ ಹೊತ್ತು ಗೊತ್ತು ಇರಲಿ. ಊಟ ಸೇರದಿದ್ದರೆ ಅನ್ನವನ್ನೋ ರೊಟ್ಟಿಯನ್ನೋ ಬೆಚ್ಚಗಿನ ಮಾಂಸದ ನೀರಿನಲ್ಲಿ ಕಲಸಿ ಕೊಡಬಹುದು. ಆ ನೀರಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಖಾರ ಬಿದ್ದಿರಬಾರದು. ಉಳ್ಳಾಗಡ್ಡಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಪ್ರೀತಿಯಿಂದ ಕೊಡುವ ದ್ರಾಕ್ಷಿ, ಚಾಕೊಲೇಟ್ ಕೂಡ ಅದಕ್ಕೆ ವಿಷವೇ.

ಮುಧೋಳ ನಾಯಿಗಳನ್ನು ಸಾಕುವ ಹುರುಪು ನಮ್ಮಲ್ಲಿಯೂ ಹೆಚ್ಚಾಗಿದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಆಮೇಲೆ ಸೇನೆಯ ತರಬೇತಿಗೂ ಹೋದ ನಮ್ಮ ನೆಲದ ತಳಿ ಅದು, ಹೆಮ್ಮೆ ಪಡಬೇಕಾದದ್ದೇ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಆದರೆ ಅದು ಬಯಲಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ಬೇಟೆನಾಯಿ. ಅದನ್ನು ತಂದು ಮನೆಯ ಮಾಳಿಗೆಯ ಮೇಲೆ ಕಟ್ಟಿಹಾಕಿ, ಆರು ತಿಂಗಳಾದ ಮೇಲೆ "ಯಾಕೋ ಸೊರಗೈತ್ರಿ" ಎಂದು ಕರೆದುಕೊಂಡು ಬಂದರೆ ನಾನು ಯಾವ ಗುಳಿಗೆ ಬರೆಯಲಿ? ಓಡಿಸಲು ಹೊಲವಿಲ್ಲದವರು, ಹೊತ್ತಿಲ್ಲದವರು ಆ ತಳಿಯನ್ನು ತರಬಾರದು.

ಇನ್ನೊಂದು ಸಲಹೆ ಎಲ್ಲರ ಬಾಯಲ್ಲೂ ಇರುತ್ತದೆ: ಒಂದು ಸತ್ತರೆ ಕೂಡಲೇ ಇನ್ನೊಂದು ಮರಿ ತಂದುಬಿಡಿ. ಇದು ಕೆಲವೊಮ್ಮೆ ಫಲಿಸುತ್ತದೆ, ಬಹಳ ಸಲ ಫಲಿಸುವುದಿಲ್ಲ. ದುಃಖದಲ್ಲಿರುವ ಮುದಿ ನಾಯಿಯ ತಟ್ಟೆಗೆ ಬಾಯಿ ಹಾಕುವ ಮರಿ ಅದಕ್ಕೆ ಜೊತೆಯಲ್ಲ, ಕಾಟ. ಒಂದೆರಡು ತಿಂಗಳು ತಾಳಿ, ನಾಯಿ ಊಟಕ್ಕೆ ಬಂದ ಮೇಲೆ ಯೋಚಿಸಿ.

ಗುಳಿಗೆಗಳ ವಿಷಯ. ಇವೆ, ಇಲ್ಲವೆನ್ನುವುದಿಲ್ಲ. ಒಡೆಯನ ಅಗಲಿಕೆಯಿಂದ ತಳಮಳಿಸುವ ನಾಯಿಗಳಿಗೆಂದು ಅಮೆರಿಕದಲ್ಲಿ ಕ್ಲೋಮಿಪ್ರಮಿನ್‌ಗೆ 1998ರಲ್ಲಿ, ಫ್ಲುಆಕ್ಸೆಟಿನ್‌ಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. ತಿಂಗಳು, ಎರಡು ತಿಂಗಳು ನಡಿಗೆ, ರೂಢಿ, ಜೊತೆ ಎಲ್ಲ ಕೊಟ್ಟ ಮೇಲೂ ಏಳದ ನಾಯಿಗೆ ತಿಳಿದ ವೈದ್ಯರು ಇವನ್ನು ಬರೆಯಬಹುದು. ಇವು ಪ್ಯಾರಾಸಿಟಮಾಲ್‌ನಂತೆ ಅಂದೇ ಗುಣ ತೋರಿಸುವ ಔಷಧಿಗಳಲ್ಲ, ನಾಲ್ಕರಿಂದ ಎಂಟು ವಾರ ಬೇಕು, ಥಟ್ಟನೆ ನಿಲ್ಲಿಸಲೂ ಬಾರದು. ಮನೆಯಲ್ಲಿ ಯಾರೋ ನುಂಗುವ ಮಾತ್ರೆಯಲ್ಲಿ ಅರ್ಧ ಮುರಿದು ಹಾಕುವ ಸಾಹಸ ಬೇಡವೇ ಬೇಡ. ಇದರಲ್ಲಿ ನಮ್ಮ ಭಾಗಕ್ಕೆ ತೀರ ಮುಖ್ಯವಾದ ಒಂದು ಅಪಾಯವಿದೆ. ಉಣ್ಣಿ ಸಾಯಲೆಂದು ನೀರಿಗೆ ಕಲಸಿ ನಾಯಿಯ ಮೈ ತೊಳೆಯುವ ಅಮಿಟ್ರಾಜ್ ದ್ರಾವಣ ಈ ಮನಸ್ಸಿನ ಔಷಧಿಗಳೊಂದಿಗೆ ಸೇರಬಾರದು. ಎರಡೂ ಕೂಡಿದರೆ ನಾಯಿಗೆ ನಡುಕ, ವಿಪರೀತ ಜ್ವರ, ಸೆಳೆತ ಬಂದು ಪ್ರಾಣಕ್ಕೆ ಕುತ್ತಾಗಬಹುದು. ಉಣ್ಣಿ ಔಷಧಿ ಹಚ್ಚಿದ್ದೀರಾ ಎಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಇಷ್ಟೆಲ್ಲ ಒಂದು ನಾಯಿಗೆ ಬೇಕೇ ಎಂದು ಕೇಳುವವರಿಗೆ ಮಸ್ಕಿಯವರು ತಮ್ಮ ಊರಿನ ಗುಡ್ಡವನ್ನೇ ತೋರಿಸಬಹುದು. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ 1915ರಲ್ಲಿ ಅಲ್ಲಿ ಕಂಡ ಶಾಸನದಲ್ಲಿ ಅಶೋಕನ ಹೆಸರೇ ಇತ್ತು, 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಅದೇ ಅರಸ ಗುಜರಾತಿನ ಗಿರಿನಾರಿನ ಬಂಡೆಯ ಮೇಲೆ, ತಾನು ಎರಡು ಬಗೆಯ ಚಿಕಿತ್ಸೆ ಏರ್ಪಡಿಸಿರುವುದಾಗಿ, ಒಂದು ಮನುಷ್ಯರಿಗೆ, ಇನ್ನೊಂದು ಪಶುಗಳಿಗೆ ಎಂದು ಬರೆಸಿದ್ದಾನೆ. ಕನ್ನಡ ನಾಡಿನಲ್ಲಿಯೇ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ಹಂದಿಯೊಡನೆ ಕಾದಾಡಿ ಸತ್ತ 'ಕಾಳಿ' ಎಂಬ ನಾಯಿಗಾಗಿ ನಿಂತಿತು. ಮೈಲಾರಲಿಂಗನ ವಗ್ಗಯ್ಯಗಳು ನಾಯಿಯಂತೆ ಬೊಗಳಿ ದೋಣಿಯ ಪ್ರಸಾದ ತಿನ್ನುವುದನ್ನು ಭಕ್ತಿಯಿಂದ ನೋಡುವವರು ನಾವು. ನಾಯಿ ನಮಗೆ ಹೊರಗಿನದೇನಲ್ಲ.

ಆದರೂ ನಾನು ಈ ಅಂಕಣ ಬರೆಯಲು ಇನ್ನೊಂದು ಕಾರಣವಿದೆ. ನಾಯಿಗಳ ಮಂಕುತನ ಎಷ್ಟೋ ಸಲ ನನ್ನನ್ನು ಮನೆಯ ಮನುಷ್ಯರ ಕಡೆಗೆ ತಿರುಗಿ ನೋಡುವಂತೆ ಮಾಡಿದೆ. ಸ್ವೀಡನ್ನಿನಲ್ಲಿ 58 ನಾಯಿಗಳ ಮತ್ತು ಅವುಗಳ ಒಡೆಯರ ಕೂದಲನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಕೂದಲಲ್ಲಿ ಸೇರುವ ಕಾರ್ಟಿಸಾಲ್ ಎಂಬ ರಸ ಬಹುಕಾಲದ ಮಾನಸಿಕ ಒತ್ತಡದ ಗುರುತು. ಒಡೆಯರಲ್ಲಿ ಅದು ಹೆಚ್ಚಿದ್ದ ಕಡೆ ನಾಯಿಗಳಲ್ಲೂ ಹೆಚ್ಚಿತ್ತು. ಲಿಂಗಸುಗೂರಿನ ಒಂದು ಮನೆಯಲ್ಲಿ ನಾಯಿ ಅಂಗಳ ಬಿಟ್ಟು ಏಳುತ್ತಿಲ್ಲ ಎಂದು ಕರೆಸಿದ್ದರು. ಅದನ್ನು ದಿನಾ ಹೊಲಕ್ಕೆ ಕರೆದೊಯ್ಯುವವರು ಯಾರು ಎಂದು ಕೇಳಿದೆ. "ನಮ್ಮ ಅಣ್ಣ ಒಯ್ತಿದ್ದ ರೀ. ಈಗ ಅವನೂ ಹೊಲಕ್ಕ ಹೋಗಂಗಿಲ್ಲ" ಎಂದರು. ಒಳಗೆ ಆತ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎರಡು ತಿಂಗಳಿಂದ ಹಾಗೆಯೇ ಇದ್ದರಂತೆ. ಬೆಳೆ ಹೋಗಿತ್ತು, ಸಾಲವಿತ್ತು. ನಾಯಿಗೆ ವೈದ್ಯರನ್ನು ಕರೆಸಿದ ಮನೆಯವರಿಗೆ ಅಣ್ಣನಿಗೂ ವೈದ್ಯರು ಬೇಕು ಎಂದು ಹೊಳೆದಿರಲಿಲ್ಲ. ಆ ಮನೆಯಲ್ಲಿ ನಾನು ನಾಯಿಗೆ ಏನನ್ನೂ ಬರೆಯಲಿಲ್ಲ.

ಮನುಷ್ಯರ ಖಿನ್ನತೆಗೆ ಚಿಕಿತ್ಸೆ ಬೆಂಗಳೂರಿನಲ್ಲಿ ಮಾತ್ರ ಎಂಬುದು ಹಳೆಯ ಮಾತು. ನಮ್ಮ ನೆರೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿಯೇ ಮನೋರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು ಮಾಡಿ ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಬೇಕಿಲ್ಲ. ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಇನ್ನು ಮಸ್ಕಿಯ ಆಯಿಯ ಕರಿಯಾ. ಮರುದಿನ ಅದನ್ನು ಆಡುಗಳ ಜೊತೆ ಟಂಟಂನಲ್ಲಿ ಹಾಕಿಕೊಂಡು ತಂದರು. ಜ್ವರವಿರಲಿಲ್ಲ, ವಸಡು ಕೆಂಪಗಿತ್ತು, ಉಣ್ಣಿ ನಾಲ್ಕಾರು ಇದ್ದವು, ತೆಗೆದೆವು. ಲಸಿಕೆ ಹಾಕಿಸಿದ್ದ ಚೀಟಿ ಮಗ ಇಟ್ಟು ಹೋಗಿದ್ದ, ಅದು ನನಗೆ ಬಹಳ ಸಮಾಧಾನ ತಂದಿತು. ಮಗ ಸೊಸೆಯ ಮನೆಯ ಬಾಗಿಲಲ್ಲಿ ಅದನ್ನು ಬಿಡದೆ ತಮ್ಮ ಜೋಪಡಿಯ ಹತ್ತಿರ ಮಲಗಿಸಲು, ಬೆಳಿಗ್ಗೆ ಆಡು ಬಿಡುವಾಗ ಹಗ್ಗ ಹಾಕಿ ಕರೆದೊಯ್ಯಲು ಹೇಳಿದೆ. ಮೊಮ್ಮಗನ ಹಳೆಯ ಅಂಗಿಯೊಂದನ್ನು ಅದರ ಗೋಣಿಯ ಮೇಲೆ ಹಾಸಲು ಹೇಳಿದೆ. ಫೋನಿನಲ್ಲಿ ಮಗನ ದನಿ ಕೇಳಿಸಬೇಕೇ ಎಂದು ಆಯಿ ಕೇಳಿದರು. ಕೇಳಿಸಿ ನೋಡಿ, ಬಾಲ ಅಲ್ಲಾಡಿಸಿದರೆ ಸರಿ, ಮನೆಯೆಲ್ಲ ಹುಡುಕಾಡಿ ಆಮೇಲೆ ಅತ್ತರೆ ನಿಲ್ಲಿಸಿ ಎಂದೆ. ಎರಡನೆಯದೇ ಆಯಿತಂತೆ, ನಿಲ್ಲಿಸಿದರು.

ನಾಲ್ಕನೆಯ ದಿನ ಕರಿಯಾ ಅರ್ಧ ರೊಟ್ಟಿ ತಿಂದಿತು. ಮೂರನೆಯ ವಾರ ಆಡುಗಳ ಮುಂದೆ ನಡೆಯತೊಡಗಿತು. ಮರುವರ್ಷ ಗುಳೆ ಹೊರಡುವ ಹದಿನೈದು ದಿನ ಮೊದಲೇ ಮಗ ಬಂದು ಕೇಳಿ ಹೋದ. ಆಗ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹೊರಡುವುದು ಗೊತ್ತಾದ ದಿನದಿಂದಲೇ ನಾಯಿಗೆ ಊಟ ಹಾಕುವ ಕೆಲಸವನ್ನು ಉಳಿಯುವವರ ಕೈಗೆ ಕೊಡಿ. ಅವರ ಅಂಗಳದಲ್ಲಿಯೇ ಮಲಗುವ ರೂಢಿ ಮಾಡಿಸಿ. ಲಸಿಕೆ ಹಾಕಿಸಿ ಚೀಟಿಯನ್ನು ಅವರ ಬಳಿ ಇಡಿ. ಬೀಗ ಹಾಕುವವರು ನೆರೆಮನೆಯವರಿಗೆ ನಾಯಿಯನ್ನು ಒಪ್ಪಿಸಿ, ರೊಟ್ಟಿಗೆ ಬೇಕಾದ ಜೋಳವನ್ನೂ ಕೊಟ್ಟು ಹೋಗಿ. ಹೊರಡುವ ರಾತ್ರಿ ಬಸ್ಸಿನ ತನಕ ಅದು ಹಿಂದೆ ಬರದಂತೆ ನೋಡಿಕೊಳ್ಳಿ. ಬಂದರೆ ಆ ಬಸ್ ನಿಲ್ದಾಣವನ್ನೇ ಕಾಯುತ್ತದೆ. ಕರಿಯಾ ಆ ವರ್ಷ ಒಂದು ದಿನ ಮಾತ್ರ ಊಟ ಬಿಟ್ಟಿತು ಎಂದು ಆಯಿ ಹೇಳಿದರು.